ನಾಯಿ ಬೆಕ್ಕಿನ ಪ್ರಾಣಕ್ಕೆ ಕುತ್ತು ಬಂದಾಗ



ನಿಮ್ಮ ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದು, ಅದು ಈಗ ಹತ್ತಿರದಲ್ಲೇ ಮಲಗಿದ್ದರೆ, ಅದರ ಪಕ್ಕೆಯ ಮೇಲೆ ಕಣ್ಣಿಡಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಿದ್ದೆಯಲ್ಲಿರುವ ಆರೋಗ್ಯವಂತ ನಾಯಿಯಾಗಲಿ ಬೆಕ್ಕಾಗಲಿ ನಿಮಿಷಕ್ಕೆ ಸಾಮಾನ್ಯವಾಗಿ 30 ಸಲಕ್ಕಿಂತ ಕಡಿಮೆ ಉಸಿರಾಡುತ್ತದೆ. ತಂಪಾದ ಜಾಗದಲ್ಲಿ ಮಲಗಿದ್ದೂ ಲೆಕ್ಕ 40 ದಾಟಿದರೆ, ಮತ್ತೆ ಮತ್ತೆ ಎಣಿಸಿದರೂ ದಾಟಿದರೆ, ಹೃದಯದಲ್ಲೋ ಶ್ವಾಸಕೋಶದಲ್ಲೋ ಏನೋ ಕೆಟ್ಟಿದೆ ಎಂದು ಅನುಮಾನಿಸಬೇಕು. ಬೆಕ್ಕು ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದರಂತೂ ಎಣಿಸುತ್ತಾ ಕೂರಬೇಡಿ, ಹೊರಡಿ. ನಾಯಿ ಬಾಯಿ ತೆರೆದು ತೇಕುವುದು ಮೈಯ ಬಿಸಿ ಕಳೆಯಲು. ಬೆಕ್ಕು ಹಾಗೆ ತೇಕುವುದು ವಿರಳ. ಅದು ಬಾಯಿ ತೆರೆದಿದೆ ಎಂದರೆ ಮೂಗಿನಿಂದ ಎಳೆದ ಗಾಳಿ ಸಾಲುತ್ತಿಲ್ಲ ಎಂದೇ ಬಹುಮಟ್ಟಿಗೆ ಅರ್ಥ.

ಪಶುವೈದ್ಯರ ಬಳಿ ತುರ್ತಾಗಿ ಬರುವ ಪ್ರಾಣಿಗಳಲ್ಲಿ ನಿಜವಾಗಿ ತುರ್ತಾಗಿ ಬಂದವು ಕಡಿಮೆ. ನಿನ್ನೆಯಿಂದ, ಮೊನ್ನೆಯಿಂದ ನರಳಿದವೇ ಹೆಚ್ಚು. ಇದು ಪ್ರೀತಿ ಸಾಲದೆ ಆದದ್ದಲ್ಲ. ಮನೆಯವರು ಪಕ್ಕದಲ್ಲೇ ಇರುತ್ತಾರೆ, ರಾತ್ರಿಯೆಲ್ಲ ಎದ್ದಿರುತ್ತಾರೆ, ನೀರು ಕುಡಿಸಲು ಹೆಣಗುತ್ತಾರೆ. ಆದರೆ ಏನನ್ನು ನೋಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಇಂದಿನ ನನ್ನ ಮಾತೆಲ್ಲ ಅದರ ಬಗ್ಗೆ. ನಾಯಿ ಬೆಕ್ಕುಗಳ ತುರ್ತು ಚಿಕಿತ್ಸೆಯಲ್ಲಿ ವೆಂಟಿಲೇಟರ್, ಮಾನಿಟರ್‌ಗಳಿಗಿಂತ ಮೊದಲು ಕೆಲಸ ಮಾಡಬೇಕಾದದ್ದು ಸಾಕಿದವರ ಕಣ್ಣು.

ಉಸಿರಾದ ಮೇಲೆ ನೋಡಬೇಕಾದದ್ದು ವಸಡು. ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ. ಆರೋಗ್ಯವಾಗಿದ್ದರೆ ವಸಡು ತಿಳಿಗುಲಾಬಿ ಬಣ್ಣದಲ್ಲಿ, ತೇವವಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಿಕೊಳ್ಳುತ್ತದೆ. ವಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತದ ಓಟ ಕುಸಿದಿದೆ. ನೀಲಿಗಟ್ಟಿದ್ದರೆ ಆಮ್ಲಜನಕ ಸಿಗುತ್ತಿಲ್ಲ. ಇಟ್ಟಿಗೆಯಂತೆ ಕೆಂಪೇರಿದ್ದರೆ ಮೈ ವಿಪರೀತ ಕಾದಿದೆ, ಇಲ್ಲವೇ ರಕ್ತಕ್ಕೆ ನಂಜೇರಿದೆ. ಕೆಲವು ನಾಯಿಗಳಿಗೆ ಹುಟ್ಟಿನಿಂದಲೇ ವಸಡು ಕಪ್ಪಗಿರುತ್ತದೆ. ಅಂಥವುಗಳ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ಒಳಭಾಗ ನೋಡಬೇಕು. ಮೂಗು ಒಣಗಿದೆ, ಕಿವಿ ಬಿಸಿಯಾಗಿದೆ, ಹಾಗಾಗಿ ಜ್ವರ ಬಂದಿದೆ ಎಂಬ ಮಾತನ್ನು ನಂಬಬೇಡಿ. ನಮಗಿಂತ ಅವುಗಳ ಮೈ ಯಾವಾಗಲೂ ಬಿಸಿ. ನಾಯಿಯ ಸಹಜ ತಾಪ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸುಮಾರು 101ರಿಂದ 102.5, ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಅಳೆದರೆ ಮಾತ್ರ ನಂಬುವಂಥ ಉತ್ತರ ಸಿಗುತ್ತದೆ.

ಆಸ್ಪತ್ರೆಗೆ ತಂದೊಡನೆ ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಹೊರಗೆ ಕಾಯುವವರಿಗೆ ಆ ನಿಮಿಷಗಳು ಬಹಳ ಕಷ್ಟ, ಒಳಗೆ ಏನೂ ಆಗುತ್ತಿಲ್ಲ ಎಂದೇ ಅನ್ನಿಸುತ್ತದೆ. ತುರ್ತು ಚಿಕಿತ್ಸೆಯಲ್ಲಿ ವೈದ್ಯರು ಮೊದಲು ಕಾಯಿಲೆಯ ಹೆಸರು ಹುಡುಕುವುದಿಲ್ಲ. ಗಾಳಿಯ ದಾರಿ ತೆರೆದಿದೆಯೇ, ಉಸಿರು ನಡೆಯುತ್ತಿದೆಯೇ, ರಕ್ತ ಹರಿಯುತ್ತಿದೆಯೇ, ಪ್ರಜ್ಞೆ ಇದೆಯೇ ಎಂದು ಇದೇ ಕ್ರಮದಲ್ಲಿ ನೋಡುತ್ತಾರೆ. ಉಸಿರಿಗೆ ಒದ್ದಾಡುವ ಬೆಕ್ಕನ್ನು ಮೊದಲು ಆಮ್ಲಜನಕದ ಪೆಟ್ಟಿಗೆಯಲ್ಲಿ ಸುಮ್ಮನೆ ಬಿಡುತ್ತಾರೆ. ಆಗ ಮನೆಯವರು, 'ಎಕ್ಸ್‌ರೇ ತೆಗೆಯಿರಿ ಡಾಕ್ಟ್ರೇ, ಯಾಕೆ ಸುಮ್ಮನಿದ್ದೀರಿ?' ಎಂದು ಕೇಳುವುದುಂಟು. ಆ ಸ್ಥಿತಿಯ ಬೆಕ್ಕನ್ನು ಹಿಡಿದು ಮಲಗಿಸಿ ಕೈಕಾಲು ಎಳೆದರೆ ಅದು ಎಕ್ಸ್‌ರೇ ಮೇಜಿನ ಮೇಲೆಯೇ ಹೋಗಿಬಿಡಬಹುದು. ಅದನ್ನು ಮುಟ್ಟದೆ ಬಿಟ್ಟಿರುವುದೂ ಚಿಕಿತ್ಸೆಯೇ.

ಅದೇ ರಕ್ತದ ಓಟ ಕುಸಿದು ಬಂದ ನಾಯಿಯಾದರೆ ಒಂದು ಕ್ಷಣವೂ ಕಾಯುವಂತಿಲ್ಲ. ಮುಂಗಾಲಿನ ರಕ್ತನಾಳಕ್ಕೆ ಸೂಜಿ ಸೇರಿಸಿ ದ್ರವ ಕೊಡಬೇಕು. ನಾಯಿಯ ಮೈಯಲ್ಲಿ ತೂಕದ ಪ್ರತಿ ಕಿಲೋಗೆ 80ರಿಂದ 90 ಮಿಲಿಲೀಟರ್ ರಕ್ತವಿರುತ್ತದೆ. ಎರಡು ಕಿಲೋ ತೂಗುವ ಮರಿಯಲ್ಲಿ ಒಟ್ಟು ರಕ್ತ 200 ಮಿಲಿಲೀಟರಿಗೂ ಕಡಿಮೆ. ಇದನ್ನು ತಿಳಿದರೆ ಸಣ್ಣ ಮರಿ ಒಂದೇ ದಿನದ ವಾಂತಿಭೇದಿಗೆ ಏಕೆ ಕುಸಿಯುತ್ತದೆ ಎಂಬುದೂ ತಿಳಿಯುತ್ತದೆ. ಹಾಗೆಂದು ಒಂದೇ ಸಲಕ್ಕೆ ಸುರಿಯುವಂತಿಲ್ಲ. ಸ್ವಲ್ಪ ಕೊಟ್ಟು, ಹತ್ತು ಹದಿನೈದು ನಿಮಿಷ ನೋಡಿ, ನಾಡಿ, ವಸಡು, ರಕ್ತದೊತ್ತಡ ಪರೀಕ್ಷಿಸಿ, ಮತ್ತೆ ಸ್ವಲ್ಪ ಕೊಡಬೇಕು. ಬೆಕ್ಕಿನಲ್ಲಿ ಇನ್ನೂ ಎಚ್ಚರ ಬೇಕು. ದ್ರವ ಹೆಚ್ಚಾದರೆ ಅದರ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ.

ಈ ವಿದ್ಯೆಗೆ ಒಂದು ಚರಿತ್ರೆಯಿದೆ. ಮನುಷ್ಯರ ತುರ್ತು ವೈದ್ಯಕೀಯದ ಎಷ್ಟೋ ಪಾಠ ನಾಯಿಗಳ ಮೈಮೇಲೆ ಕಲಿತದ್ದು. 1665-66ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರಿಚರ್ಡ್ ಲೋವರ್ ಎಂಬ ವೈದ್ಯ, ರಕ್ತ ಸೋರಿ ಸಾಯುವ ಹಂತಕ್ಕೆ ಬಂದ ನಾಯಿಗೆ ಇನ್ನೊಂದು ನಾಯಿಯ ರಕ್ತ ಹರಿಸಿ ಬದುಕಿಸಿ ತೋರಿಸಿದ. ಇಂದು ಎಲ್ಲರಿಗೂ ಗೊತ್ತಿರುವ ಎದೆ ಒತ್ತುವ ಕ್ರಮ, ಅಂದರೆ ಸಿಪಿಆರ್, ಹುಟ್ಟಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ನಾಯಿಗಳ ಎದೆಯ ಮೇಲೆ ವಿದ್ಯುತ್ ಫಲಕಗಳನ್ನು ಒತ್ತಿ ಹಿಡಿದಾಗ ರಕ್ತದೊತ್ತಡ ಏರುವುದನ್ನು ಅಲ್ಲಿನ ಸಂಶೋಧಕರು ಗಮನಿಸಿದರು. 1960ರಲ್ಲಿ ವಿಲಿಯಂ ಕೌವೆನ್‌ಹೋವೆನ್ ಮತ್ತು ಸಂಗಡಿಗರು ಅದನ್ನು ಮನುಷ್ಯರಿಗೆ ಅಳವಡಿಸಿದ ವರದಿ ಪ್ರಕಟಿಸಿದರು. ಆ ನಾಯಿಗಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅವುಗಳಿಂದ ಕಲಿತದ್ದನ್ನು ಅವುಗಳ ಕುಲಕ್ಕೆ ಹಿಂದಿರುಗಿಸುವ ಕೆಲಸ ಬಹಳ ತಡವಾಗಿ ಶುರುವಾಯಿತು. ಅಮೆರಿಕದಲ್ಲಿ ಪ್ರಾಣಿಗಳ ತುರ್ತು ಮತ್ತು ತೀವ್ರ ನಿಗಾ ಚಿಕಿತ್ಸೆಗೆ ಪ್ರತ್ಯೇಕ ತಜ್ಞ ವಿಭಾಗವೆಂಬ ಮಾನ್ಯತೆ ಸಿಕ್ಕಿದ್ದು 1989ರಲ್ಲಿ. ನಾಯಿ ಬೆಕ್ಕುಗಳಿಗೆ ಸಿಪಿಆರ್ ಹೇಗೆ ಮಾಡಬೇಕು ಎಂಬ, ಪುರಾವೆಗಳನ್ನೆಲ್ಲ ಪರಿಶೀಲಿಸಿ ಬರೆದ ಮಾರ್ಗಸೂಚಿ 'ರಿಕವರ್' ಎಂಬ ಹೆಸರಿನಲ್ಲಿ ಹೊರಬಂದದ್ದು 2012ರಲ್ಲಿ. ಅದರ ಪರಿಷ್ಕೃತ ರೂಪ 2024ರಲ್ಲಿ ಬಂತು.

ನಮ್ಮಲ್ಲಿ ಪಶುವೈದ್ಯಕೀಯ ಬೆಳೆದದ್ದು ದನ, ಎಮ್ಮೆ, ಕುರಿಗಳ ಸುತ್ತ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾದಾಗ ನಾಡಿಗೆ ಬೇಕಾಗಿದ್ದದ್ದು ರೈತನ ಕೊಟ್ಟಿಗೆ ಉಳಿಸುವ ವೈದ್ಯರು. ಅದು ಸರಿಯಾದ ಆಯ್ಕೆಯೇ, ಇಂದಿಗೂ ಅದರ ಅಗತ್ಯ ಕಡಿಮೆಯಾಗಿಲ್ಲ. ಆದರೆ ಇಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಮನೆಯೊಳಗೆ ಮಲಗುವ ನಾಯಿ ಬೆಕ್ಕುಗಳ ಸಂಖ್ಯೆ ಬಹಳ ಬೆಳೆದಿದೆ. ರಾತ್ರಿಯಿಡೀ ತೆರೆದಿರುವ ಖಾಸಗಿ ಆಸ್ಪತ್ರೆಗಳು ಬೆಂಗಳೂರಿನಲ್ಲಿ ಬಂದಿವೆ. ಮುಂಬಯಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್ ಸಣ್ಣ ಪ್ರಾಣಿಗಳಿಗಾಗಿಯೇ ದೊಡ್ಡ ಆಸ್ಪತ್ರೆಯೊಂದನ್ನು ತೆರೆಯಿತು. ಜಿಲ್ಲಾ ಪಟ್ಟಣಗಳಿಗೆ ಬಂದರೆ ಚಿತ್ರವೇ ಬೇರೆ. ಅಲ್ಲಿ ಸಂಜೆಯ ಮೇಲೆ ನಾಯಿಗೆ ಕಾಯಿಲೆಯಾದರೆ ಪರಿಚಯದ ಪಶುವೈದ್ಯರ ಮೊಬೈಲೇ ತುರ್ತು ಘಟಕ.

ಆ ಪಟ್ಟಣಗಳ ಪಶುವೈದ್ಯರು ಅತಿ ಹೆಚ್ಚು ಕಾಣುವ ತುರ್ತು ಕಾಯಿಲೆಗಳಲ್ಲಿ ಒಂದು, ನಾಯಿಮರಿಗಳಿಗೆ ಬರುವ ಪಾರ್ವೊ. ಇದು ಹಳೆಯ ಕಾಯಿಲೆಯಲ್ಲ. 1978ರ ಸುಮಾರಿಗೆ ಕಾಣಿಸಿಕೊಂಡ ವೈರಸ್ಸು, ಎರಡೇ ವರ್ಷಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಮೈಯಲ್ಲಿ ಎಲ್ಲೆಲ್ಲಿ ಜೀವಕೋಶಗಳು ವೇಗವಾಗಿ ಹುಟ್ಟುತ್ತವೆಯೋ ಅಲ್ಲಿಗೆ ಇದು ನುಗ್ಗುತ್ತದೆ. ಅಂದರೆ ಕರುಳಿನ ಒಳಪದರಕ್ಕೆ ಮತ್ತು ಮೂಳೆಯ ಮಜ್ಜೆಗೆ. ಕರುಳಿನ ಗೋಡೆ ಕಿತ್ತುಹೋಗಿ ರಕ್ತಭೇದಿ ಶುರುವಾಗುತ್ತದೆ. ಅದೇ ಹೊತ್ತಿಗೆ ಮಜ್ಜೆಯಲ್ಲಿ ಬಿಳಿ ರಕ್ತಕಣಗಳ ಉತ್ಪತ್ತಿ ನಿಲ್ಲುತ್ತದೆ. ಕರುಳಿನೊಳಗೆ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ದಾಟುವಾಗ ಎದುರಿಸಲು ಕಾವಲಿನವರೇ ಇರುವುದಿಲ್ಲ. ಮರಿ ಮೊದಲ ದಿನ ಊಟ ಬಿಡುತ್ತದೆ, ಮಂಕಾಗುತ್ತದೆ. ಮಾರನೆಯ ದಿನ ವಾಂತಿ, ಆಮೇಲೆ ಆ ಕೆಟ್ಟ ವಾಸನೆಯ ಕೆಂಪು ಭೇದಿ. ಆ ವಾಸನೆಯನ್ನು ಒಮ್ಮೆ ಮೂಸಿದ ವೈದ್ಯ ಬಾಗಿಲಲ್ಲೇ ಗುರುತಿಸುತ್ತಾನೆ.

ಪಾರ್ವೊ ವೈರಸ್ಸನ್ನು ನೇರವಾಗಿ ಕೊಲ್ಲುವ ಮಾತ್ರೆ ಇಲ್ಲಿನ ಔಷಧ ಅಂಗಡಿಗಳಲ್ಲಿ ಇಲ್ಲ. ಹಾಗಾದರೆ ಆಸ್ಪತ್ರೆಯಲ್ಲಿ ಮಾಡುವುದೇನು? ಮರಿಯ ಮೈ ತಾನೇ ಗೆಲ್ಲುವ ತನಕ, ನಾಲ್ಕೈದು ದಿನ ಅದನ್ನು ಬದುಕಿಸಿ ಇಡುವುದು. ಕಳೆದುಹೋದ ನೀರು, ಪೊಟ್ಯಾಸಿಯಂ, ಸಕ್ಕರೆಯನ್ನು ಡ್ರಿಪ್ಪಿನಲ್ಲಿ ತುಂಬಿಸುವುದು, ವಾಂತಿ ತಡೆಯುವುದು, ರಕ್ತಕ್ಕೆ ದಾಟಿದ ಬ್ಯಾಕ್ಟೀರಿಯಾಗಳಿಗೆ ಆ್ಯಂಟಿಬಯಾಟಿಕ್ ಕೊಡುವುದು, ಮೈ ಬೆಚ್ಚಗಿಡುವುದು. ಹಿಂದೆ ವಾಂತಿ ಪೂರ್ತಿ ನಿಲ್ಲುವ ತನಕ ಉಪವಾಸ ಕೆಡವುತ್ತಿದ್ದರು. ಈಗ ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಮೊದಲ ದಿನದಿಂದಲೇ ಹನಿಹನಿಯಾಗಿ ಆಹಾರ ಕೊಡುತ್ತಾರೆ. ಕರುಳಿಗೆ ಅನ್ನ ಸಿಕ್ಕಷ್ಟೂ ಅದರ ಗಾಯ ಬೇಗ ಮಾಗುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ 100ರಲ್ಲಿ 90 ಮರಿಗಳವರೆಗೆ ಸಾಯುವ ಕಾಯಿಲೆ ಇದು. ಬೇಗ ತಂದು, ಒಳರೋಗಿಯಾಗಿ ಇಟ್ಟು ಸರಿಯಾಗಿ ನೋಡಿಕೊಂಡರೆ 100ರಲ್ಲಿ 80ಕ್ಕೂ ಹೆಚ್ಚು ಬದುಕುತ್ತವೆ. ದಿನಕ್ಕೊಮ್ಮೆ ಬಂದು ಒಂದು ಬಾಟಲಿ ಹಾಕಿಸಿಕೊಂಡು ಹೋಗುವುದಕ್ಕೂ, ರಾತ್ರಿಯಿಡೀ ಒಬ್ಬರು ಪಕ್ಕದಲ್ಲಿ ಕೂತು ಹನಿ ಎಣಿಸುವುದಕ್ಕೂ ನಡುವಿನ ವ್ಯತ್ಯಾಸ ಎಷ್ಟೋ ಮರಿಗಳ ಪ್ರಾಣವನ್ನು ನಿರ್ಧರಿಸುತ್ತದೆ.

ಲಸಿಕೆಯಿಂದ ಇದನ್ನೆಲ್ಲ ತಪ್ಪಿಸಬಹುದು ಎಂಬುದು ನನಗೆ ಪ್ರತಿ ಸಲವೂ ನೋವು ಕೊಡುವ ಸಂಗತಿ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮೊದಲ ಚುಚ್ಚುಮದ್ದು. ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವ ತನಕ. 'ಒಂದು ಹಾಕಿಸಿದ್ದೆವಲ್ಲ' ಎನ್ನುವವರು ಬಹಳ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯಲ್ಲಿ ಉಳಿದಿರುವ ತನಕ ಲಸಿಕೆ ಹಿಡಿಯುವುದಿಲ್ಲ. ಆ ರಕ್ಷಣೆ ಯಾವ ವಾರ ಕರಗುತ್ತದೆಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಇನ್ನೊಂದು ಮಾತು: ಮನೆಯಲ್ಲಿ ಒಂದು ಮರಿ ಪಾರ್ವೊದಿಂದ ಹೋಗಿದ್ದರೆ ಕೂಡಲೇ ಇನ್ನೊಂದನ್ನು ತರಬೇಡಿ. ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲನ್ನು ನಂಬುವಂತಿಲ್ಲ, ನೆಲವನ್ನು ಮೊದಲು ಚೆನ್ನಾಗಿ ತೊಳೆದು, ನೀರಿನಲ್ಲಿ ಬೆರೆಸಿದ ಬ್ಲೀಚ್ ಹಾಕಬೇಕು.

ಇನ್ನು ಬೆಕ್ಕಿನ ವಿಷಯ. ಗಂಡು ಬೆಕ್ಕು ಸಾಕಿದವರು ಈ ಭಾಗವನ್ನು ಗಮನವಿಟ್ಟು ಕೇಳಿ. ನಿಮ್ಮ ಬೆಕ್ಕು ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕೂರುತ್ತಿದೆ, ತಿಣುಕುತ್ತಿದೆ, ನರಳುತ್ತಿದೆ, ಹೊಟ್ಟೆಯ ಕೆಳಭಾಗ ನೆಕ್ಕುತ್ತಿದೆ. ಮನೆಯವರು ಮಲಬದ್ಧತೆ ಎಂದುಕೊಂಡು ಎಣ್ಣೆಯನ್ನೋ ಹಾಲನ್ನೋ ಕೊಡುತ್ತಾರೆ. ಬಹಳ ಸಲ ಅಲ್ಲಿ ಕಟ್ಟಿರುವುದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು. ಲೋಳೆ ಮತ್ತು ಹರಳುಗಳ ಸಣ್ಣ ಬಿರಡೆ ಅದನ್ನು ಮುಚ್ಚಿಬಿಡುತ್ತದೆ. ಮೂತ್ರ ಹೊರಹೋಗದಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತದೆ. ಪೊಟ್ಯಾಸಿಯಂ ಏರಿದಂತೆ ಹೃದಯ ನಿಧಾನವಾಗುತ್ತದೆ. ಆಸ್ಪತ್ರೆಯ ಗಾಬರಿಯಲ್ಲಿ ನಿಮಿಷಕ್ಕೆ 180, 200 ಸಲ ಬಡಿಯಬೇಕಾದ ಬೆಕ್ಕಿನ ಹೃದಯ 100ಕ್ಕೆ ಇಳಿದಿದ್ದರೆ ಅದು ಶಾಂತವಾಗಿಲ್ಲ, ಸಾಯುತ್ತಿದೆ. ಮೂತ್ರ ಪೂರ್ತಿ ಕಟ್ಟಿದ ಬೆಕ್ಕು ಎರಡು ಮೂರು ದಿನಗಳಲ್ಲೇ ಸಾಯಬಹುದು.

ಇಂಥ ಬೆಕ್ಕಿನ ಚಿಕಿತ್ಸೆ ನೋಡಿದರೆ ಈ ವಿದ್ಯೆಯ ಸೊಗಸು ತಿಳಿಯುತ್ತದೆ. ಮೊದಲು ಕ್ಯಾಲ್ಸಿಯಂ ಗ್ಲುಕೋನೇಟನ್ನು ನಿಧಾನವಾಗಿ ರಕ್ತಕ್ಕೆ ಕೊಡುತ್ತಾರೆ. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ. ಅರ್ಧ ಗಂಟೆಯ ಮಟ್ಟಿಗೆ ಹೃದಯವನ್ನು ಅದರ ಹೊಡೆತದಿಂದ ಕಾಯುತ್ತದೆ. ಆ ಅರ್ಧ ಗಂಟೆಯಲ್ಲಿ ಗ್ಲೂಕೋಸ್, ಬೇಕಾದರೆ ಇನ್ಸುಲಿನ್ ಕೊಟ್ಟು ಪೊಟ್ಯಾಸಿಯಮ್ಮನ್ನು ಜೀವಕೋಶಗಳ ಒಳಕ್ಕೆ ತಳ್ಳಬೇಕು, ಮೂತ್ರನಾಳಕ್ಕೆ ನಳಿಕೆ ಸೇರಿಸಿ ದಾರಿ ಬಿಡಿಸಬೇಕು. ಮಾನಿಟರಿನ ಮೇಲೆ ಕೆಟ್ಟಿದ್ದ ಹೃದಯದ ರೇಖೆ ಕಣ್ಣೆದುರೇ ಸರಿಯಾಗುತ್ತದೆ. ಅಷ್ಟಕ್ಕೆ ಮುಗಿಯಲಿಲ್ಲ. ದಾರಿ ಬಿಟ್ಟ ಮೇಲೆ ಮೂತ್ರಪಿಂಡಗಳು ಒಂದೆರಡು ದಿನ ವಿಪರೀತ ಮೂತ್ರ ಸುರಿಸುತ್ತವೆ. ಎಷ್ಟು ಹೊರಬಂತೆಂದು ಕೆಲವೇ ಗಂಟೆಗಳಿಗೊಮ್ಮೆ ಅಳೆದು, ಅಷ್ಟನ್ನು ಡ್ರಿಪ್ಪಿನಲ್ಲಿ ತುಂಬಿಸದಿದ್ದರೆ ಬದುಕಿಸಿದ ಬೆಕ್ಕು ನೀರಿಲ್ಲದೆ ಮತ್ತೆ ಕುಸಿಯುತ್ತದೆ. ತೀವ್ರ ನಿಗಾ ಘಟಕ ಎಂದರೆ ಇದು: ಅಳೆಯುವುದು, ಬರೆದಿಡುವುದು, ಬದಲಾದದ್ದಕ್ಕೆ ತಕ್ಕಂತೆ ಬದಲಾಗುವುದು. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ರಾತ್ರಿ ಎರಡು ಗಂಟೆಗೆ ಎದ್ದು ನೋಡುವವರು ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಬೆಕ್ಕಿನ ಬಗ್ಗೆ ಇನ್ನೊಂದು ದೊಡ್ಡ ಎಚ್ಚರಿಕೆ. ಪ್ಯಾರಾಸಿಟಮಾಲ್ ಕೊಡಬೇಡಿ. ಮನೆಯ ಎಲ್ಲರೂ ನುಂಗುವ, ಮಗುವಿಗೂ ಕೊಡುವ ಆ 500 ಮಿಲಿಗ್ರಾಂ ಮಾತ್ರೆ ಒಂದೇ ಸಾಕು, ಬೆಕ್ಕನ್ನು ಕೊಲ್ಲಲು. ಆ ಔಷಧಿಯನ್ನು ನಿರ್ವಿಷಗೊಳಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಬಲು ದುರ್ಬಲ. ಕೆಂಪು ರಕ್ತಕಣಗಳು ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತವೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತವೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಗಂಟೆಗಳೊಳಗೆ ತಂದರೆ ಉಳಿಸಬಹುದು. ಹಾಗೆಯೇ ನಾಯಿಯ ಮೈಗೆ ಹಚ್ಚುವ, ಪರ್ಮೆಥ್ರಿನ್ ಇರುವ ಉಣ್ಣೆಯ ಔಷಧಿಯನ್ನು ಬೆಕ್ಕಿಗೆ ಹಚ್ಚಬಾರದು; ನಡುಕ, ಸೆಳವು ಬಂದು ಬೀಳುತ್ತದೆ. ನಾಯಿಗಾದರೂ ನಮ್ಮ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬಾರದು. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್, ಇವೂ ನಾಯಿಗೆ ವಿಷ. ಇಲಿ ಪಾಷಾಣದಲ್ಲಿ ಬ್ರೋಮಾಡಿಯೋಲೋನ್ ಎಂಬ ಬಗೆಯಿದೆ. ಅದನ್ನು ತಿಂದ ನಾಯಿ ಮೂರು ನಾಲ್ಕು ದಿನ ಆರಾಮವಾಗಿಯೇ ಓಡಾಡಿಕೊಂಡಿದ್ದು, ಆಮೇಲೆ ರಕ್ತಸ್ರಾವದಿಂದ ಕುಸಿಯುತ್ತದೆ. ವಿಟಮಿನ್ ಕೆ1 ಕೊಟ್ಟರೆ ಉಳಿಯುತ್ತದೆ. ಆದ್ದರಿಂದ ನಾಯಿ ಚೆನ್ನಾಗಿದೆ ಎಂದು ಕಾಯಬೇಡಿ, ಪಾಷಾಣದ ಪೊಟ್ಟಣವನ್ನೂ ಜೊತೆಗೆ ತನ್ನಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. ಆ ಉಪ್ಪೇ ಮಿದುಳಿಗೆ ಅಪಾಯ ತರಬಲ್ಲದು.

ಮಲೆನಾಡಿನ ತೋಟಗಳಲ್ಲಿ, ಕರಾವಳಿಯಲ್ಲಿ, ಬಯಲುಸೀಮೆಯ ಹೊಲಮನೆಗಳಲ್ಲಿ ನಾಯಿಗೆ ಬರುವ ದೊಡ್ಡ ಕುತ್ತು ಹಾವು. ನಾಯಿ ಮೂಸಲು ಹೋಗಿ ಮುಖಕ್ಕೋ ಮುಂಗಾಲಿಗೋ ಕಚ್ಚಿಸಿಕೊಳ್ಳುತ್ತದೆ. ಕೊಳಕುಮಂಡಲ ಕಚ್ಚಿದರೆ ಮುಖ ಊದುತ್ತದೆ, ಕಚ್ಚಿದ ಜಾಗದಿಂದ, ವಸಡಿನಿಂದ ರಕ್ತ ಒಸರುತ್ತದೆ. ಅದಕ್ಕೊಂದು ಸರಳ ಪರೀಕ್ಷೆಯಿದೆ: ಒಂದಿಷ್ಟು ರಕ್ತವನ್ನು ಶುದ್ಧ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಹಿಡಿದಿದೆ ಎಂದು ಅರ್ಥ. ಯಾವ ಹಳ್ಳಿಯ ಪಶುಚಿಕಿತ್ಸಾಲಯದಲ್ಲೂ ಮಾಡಬಹುದು. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಗೆ ಹೋಗುತ್ತದೆ. ನಾಯಿ ತೂರಾಡುತ್ತದೆ, ರೆಪ್ಪೆ ಜೋಲುತ್ತದೆ, ಕೊನೆಗೆ ಎದೆಯ ಸ್ನಾಯುಗಳು ಸೋತು ಉಸಿರು ನಿಲ್ಲುತ್ತದೆ. ಆಗ ಗಂಟಲಿಗೆ ನಳಿಕೆ ಹಾಕಿ, ವೆಂಟಿಲೇಟರ್ ಇಲ್ಲದಿದ್ದರೆ ಗಾಳಿಯ ಚೀಲವನ್ನು ಕೈಯಿಂದ ಒತ್ತುತ್ತಾ ಗಂಟೆಗಟ್ಟಲೆ ಉಸಿರಾಡಿಸಬೇಕಾಗುತ್ತದೆ. ಉಸಿರು ನಡೆಸಿಕೊಂಡು ಹೋದರೆ ವಿಷದ ಪರಿಣಾಮ ಇಳಿಯುವ ತನಕ ನಾಯಿಯನ್ನು ದಾಟಿಸಬಹುದು.

ಪ್ರತಿವಿಷ ನಮಗೆ ಕೊಡುವುದೇ, ನಾಯಿಗೂ ಅದೇ. ಕುದುರೆಯ ರಕ್ತದಿಂದ ತಯಾರಿಸಿದ ಇದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಕೆಲಸ ಮಾಡುತ್ತದೆ. ಪಶ್ಚಿಮಘಟ್ಟದ ಗುಳಿಮಂಡಲಗಳಿಗೆ ಅಲ್ಲ. ಸಣ್ಣ ನಾಯಿಗೆ ಸ್ವಲ್ಪ ಪ್ರತಿವಿಷ ಸಾಕು ಎಂಬ ಎಣಿಕೆ ತಪ್ಪು. ಹಾವು ನಾಯಿಯ ಗಾತ್ರ ನೋಡಿ ವಿಷ ಬಿಡುವುದಿಲ್ಲ; ಪ್ರತಿವಿಷ ಎದುರಿಸಬೇಕಾದದ್ದು ವಿಷವನ್ನು, ನಾಯಿಯ ತೂಕವನ್ನಲ್ಲ. ಮನೆಯವರು ಮಾಡಬೇಕಾದದ್ದು ಇಷ್ಟೇ: ನಾಯಿಯನ್ನು ನಡೆಸದೆ ಎತ್ತಿಕೊಂಡು ಬನ್ನಿ, ಕತ್ತಿನ ಪಟ್ಟಿ ಬಿಚ್ಚಿ, ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬೇರು ಸೊಪ್ಪು ಅರೆದು ಕುಡಿಸುತ್ತಾ ಹೊತ್ತು ಕಳೆಯಬೇಡಿ. ಹಾವನ್ನು ಹಿಡಿಯಲು ಹೋಗಲೇಬೇಡಿ.

ಇನ್ನು ಬೇಸಿಗೆಯ ಮಾತು. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಷ್ಟೇ ಮಂಗಳೂರಿನ ಸೆಕೆಯೂ ನಾಯಿಗೆ ಕೆಟ್ಟದ್ದು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ನಾಲಗೆ ಮತ್ತು ಉಸಿರಿನ ದಾರಿಯ ತೇವ ಆರಿಸಿ. ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಆರುವುದಿಲ್ಲ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂಗಿನವಕ್ಕೆ ಉಸಿರಿನ ದಾರಿಯೇ ಇಕ್ಕಟ್ಟು. ನೋಡಲು ಮುದ್ದಾಗಿ ಕಾಣಲೆಂದು ಉಸಿರಾಡಲಾರದ ಪ್ರಾಣಿಯನ್ನು ಹುಟ್ಟಿಸುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮೈತಾಪ 105 ದಾಟಿ ನಾಯಿ ತೂರಾಡುತ್ತಿದ್ದರೆ ಮೊದಲು ತಣಿಸಿ, ಆಮೇಲೆ ಸಾಗಿಸಿ. ನೆರಳಿಗೆ ತಂದು ನಲ್ಲಿಯ ನೀರು ಸುರಿದು ಫ್ಯಾನ್ ಹಾಕಿ. ಒದ್ದೆ ಬಟ್ಟೆ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ತಾಪ 103.5ಕ್ಕೆ ಬಂದಾಗ ನಿಲ್ಲಿಸಿ, ವೈದ್ಯರಲ್ಲಿಗೆ ಹೊರಡಿ. ಚೇತರಿಸಿದಂತೆ ಕಂಡರೂ ತೋರಿಸಲೇಬೇಕು, ಮೂತ್ರಪಿಂಡ, ಕರುಳುಗಳಿಗೆ ಆದ ಹಾನಿ ಮಾರನೆಯ ದಿನ ಕಾಣಿಸಬಹುದು.

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಸೇಂಟ್ ಬರ್ನಾರ್ಡ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಸಾಕಿದವರು ಒಂದು ಲಕ್ಷಣ ನೆನಪಿಡಿ. ಹೊಟ್ಟೆ ಉಬ್ಬಿದೆ, ನಾಯಿ ಓಕರಿಸುತ್ತಿದೆ, ಏನೂ ಹೊರಬರುತ್ತಿಲ್ಲ. ಜಠರ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಉಳಿಯುವುದಿಲ್ಲ.

ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಬೆಕ್ಕು ಸಾಕಿದವರಿಗೂ ಒಂದು ಮಾತು. ನ್ಯೂಯಾರ್ಕಿನಲ್ಲಿ ಮಹಡಿಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡಾ 90ರಷ್ಟು ಬದುಕಿದವು. ಬಿದ್ದ ಜಾಗದಲ್ಲೇ ಸತ್ತವು ಆ ಲೆಕ್ಕದಲ್ಲಿ ಇಲ್ಲ. ಬದುಕಿದವಕ್ಕೂ ಶ್ವಾಸಕೋಶಕ್ಕೆ ಪೆಟ್ಟು, ದವಡೆ ಮುರಿತ, ಅಂಗುಳ ಸೀಳಿದ್ದು ಸಾಮಾನ್ಯವಾಗಿತ್ತು. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎಂದು ನಂಬಿ ಕೂರದೆ ಬಾಲ್ಕನಿಗೆ ಬಲೆ ಹಾಕಿಸಿ.

ನಮ್ಮ ದೇಶದಲ್ಲಿ ನಾಯಿಯ ತುರ್ತು ಚಿಕಿತ್ಸೆಯ ಮಾತು ರೇಬೀಸ್ ಹೆಸರೆತ್ತದೆ ಮುಗಿಯಬಾರದು. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ, ನುಂಗಲಾಗದೆ ಒದ್ದಾಡುವ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಕೈ ಹಾಕುವವರಿದ್ದಾರೆ. ಹಾಕಬೇಡಿ. ಅದು ರೇಬೀಸಿನ ಪಾರ್ಶ್ವವಾಯು ರೂಪವಿರಬಹುದು. ದೂರವಿದ್ದು ಪಶುವೈದ್ಯರಿಗೆ ತಿಳಿಸಿ. ಕಚ್ಚಿದರೆ, ಗೀರಿದರೆ, ಗಾಯಕ್ಕೆ ಜೊಲ್ಲು ತಗುಲಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಗಾಯಗೊಂಡ ನಿಮ್ಮದೇ ನಾಯಿಯೂ ನೋವಿನಲ್ಲಿ ಕಚ್ಚುತ್ತದೆ. ಉಸಿರಿಗೆ ತೊಂದರೆಯಿಲ್ಲದಿದ್ದರೆ, ವಾಂತಿಯಾಗುತ್ತಿಲ್ಲದಿದ್ದರೆ, ಬಟ್ಟೆಯಿಂದ ಮೂತಿಯನ್ನು ಸಡಿಲವಾಗಿ ಕಟ್ಟಿ ಎತ್ತಿ.

ಹೃದಯ ನಿಂತಾಗ ಎದೆ ಒತ್ತುವುದನ್ನು ಕಲಿಯಬೇಕೆ ಎಂದು ಅನೇಕರು ಕೇಳುತ್ತಾರೆ. ಕಲಿಯಿರಿ. ಪ್ರಾಣಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ನಿಮಿಷಕ್ಕೆ 100ರಿಂದ 120 ಸಲ, ಎದೆಯ ಅಗಲದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತಗ್ಗುವಂತೆ ಒತ್ತಬೇಕು. ಬೆಕ್ಕಾದರೆ ಒಂದೇ ಕೈಯಿಂದ ಎದೆಯನ್ನು ಸುತ್ತಿ ಹಿಡಿದು ಒತ್ತಬಹುದು. 30 ಸಲ ಒತ್ತಿ, ಅದರ ಬಾಯಿ ಮುಚ್ಚಿ ಹಿಡಿದು ಮೂಗಿನೊಳಕ್ಕೆ ಎರಡು ಸಲ ಉಸಿರು ಊದಬೇಕು. ರೇಬೀಸ್ ಅನುಮಾನವಿರುವ, ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಪ್ರಾಣಿಗೆ ಬಾಯಿಯಿಂದ ಊದಬಾರದು. ಅರಿವಳಿಕೆಯ ಹೊತ್ತಿನಲ್ಲಿ ನಿಂತ ಹೃದಯಕ್ಕೆ ಒಳ್ಳೆಯ ಅವಕಾಶವಿದೆ. ಉಳಿದಂತೆ, ಒಳ್ಳೆಯ ಆಸ್ಪತ್ರೆಗಳಲ್ಲೂ ಹೀಗೆ ಮರಳಿ ಮನೆಗೆ ಹೋಗುವವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಇದನ್ನು ಮುಚ್ಚಿಡದೆ ಹೇಳುವುದು ವೈದ್ಯರ ಕರ್ತವ್ಯ.

ಹಣದ ಮಾತನ್ನೂ ಮುಚ್ಚಿಡಬಾರದು. ತೀವ್ರ ನಿಗಾ ಚಿಕಿತ್ಸೆ ದುಬಾರಿ. ದಿನದ ಖರ್ಚು ಎಷ್ಟಾಗಬಹುದು, ಬದುಕುವ ಅವಕಾಶ ಎಷ್ಟು, ಪ್ರಾಣಿಗೆ ನೋವು ಎಷ್ಟು ಎಂದು ಮೊದಲ ದಿನವೇ ಕೇಳಿ. ಕೇಳುವುದು ಪ್ರೀತಿಯ ಕೊರತೆಯಲ್ಲ. ಗುಣವಾಗದ ನರಳಾಟವನ್ನು ಚುಚ್ಚುಮದ್ದಿನಿಂದ ನೋವಿಲ್ಲದೆ ಮುಗಿಸುವ ನಿರ್ಧಾರವೂ ಕೆಲವೊಮ್ಮೆ ಸರಿಯಾದ ನಿರ್ಧಾರ, ಅದನ್ನು ತೆಗೆದುಕೊಂಡ ಮನೆಯವರು ಆಮೇಲೆ ತಮ್ಮನ್ನು ತಾವು ಶಪಿಸಿಕೊಳ್ಳಬೇಕಾಗಿಲ್ಲ.

ಸರ್ಕಾರಕ್ಕೆ ನನ್ನ ಬೇಡಿಕೆ ಒಂದೇ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುವ ವ್ಯವಸ್ಥೆ ನಮ್ಮಲ್ಲಿದೆ. ಅದು ಮುಖ್ಯವಾಗಿ ರೈತರ ಜಾನುವಾರುಗಳಿಗೆ, ಹಾಗೆಯೇ ಇರಲಿ. ಅದರ ಜೊತೆಗೆ ಪ್ರತಿ ಜಿಲ್ಲಾ ಕೇಂದ್ರದಲ್ಲಿ ರಾತ್ರಿಯೂ ತೆರೆದಿರುವ ಒಂದು ಪಶು ಆಸ್ಪತ್ರೆ ಬೇಕು. ಅಲ್ಲಿ ಆಮ್ಲಜನಕ, ಡ್ರಿಪ್, ಹಾವಿನ ಪ್ರತಿವಿಷ, ಮತ್ತು ರಾತ್ರಿ ಎಚ್ಚರವಿರುವ ತರಬೇತಾದ ಇಬ್ಬರು ಇದ್ದರೆ ಈ ಹೊತ್ತು ಸಾಯುತ್ತಿರುವ ಎಷ್ಟೋ ಪ್ರಾಣಿಗಳು ಬದುಕುತ್ತವೆ. ಬೀದಿಯ ನಾಯಿಗೂ ಅಲ್ಲಿ ಬಾಗಿಲು ತೆರೆದಿರಬೇಕು.

ನಿಮಗೂ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಊರಿನಲ್ಲಿ, ಅಥವಾ ಹತ್ತಿರದ ಪಟ್ಟಣದಲ್ಲಿ, ರಾತ್ರಿ ಹತ್ತರ ಮೇಲೆ ನಾಯಿ ಬೆಕ್ಕುಗಳನ್ನು ನೋಡುವ ವೈದ್ಯರು ಯಾರು ಎಂದು ನಾಳೆಯೇ ವಿಚಾರಿಸಿ. ಅವರ ಫೋನ್ ಸಂಖ್ಯೆಯನ್ನು ಮನೆಯ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಬರೆದಂಟಿಸಿ, ಲಸಿಕೆಯ ಪುಸ್ತಕವನ್ನು ಅದರ ಪಕ್ಕದಲ್ಲೇ ಇಡಿ.